ಕುಶಾಲನಗರದ ತಂಡಕ್ಕೆ ಕ್ರಿಪ್ಟೊ ಕಂಪನಿ: ಬಿವಿಐ, ದುಬೈ, ಸಿಂಗಾಪುರ, ಎಲ್ಲಿ ನೋಂದಾಯಿಸುವುದು? (ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಹಾರಂಗಿ

ಕುಶಾಲನಗರದಲ್ಲಿ ಆರು ಜನರ ಸಾಫ್ಟ್‌ವೇರ್ ತಂಡ. ಪಾಲುದಾರರು ಇಬ್ಬರು, ಇಬ್ಬರೂ ಭಾರತದ ನಿವಾಸಿಗಳು. ಮೂರು ಸೇವೆ ಯೋಜನೆಯಲ್ಲಿದೆ: ಟೋಕನ್ ವಿನಿಮಯ, ಗ್ರಾಹಕರ ನಾಣ್ಯ ಇಟ್ಟುಕೊಳ್ಳುವ ವಾಲೆಟ್, ಗಲ್ಫ್‌ನಲ್ಲಿರುವ ನಮ್ಮ ಜಿಲ್ಲೆಯವರು ಮನೆಗೆ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ ಟೋಕನ್) ಮೂಲಕ ದುಡ್ಡು ಕಳಿಸುವ ಸೌಲಭ್ಯ. ಬಂಡವಾಳ ತೋಟದ ಆದಾಯದಿಂದ. ಏಜೆಂಟರು ಬ್ರಿಟಿಷ್ ವರ್ಜಿನ್ ಐಲೆಂಡ್ಸ್ (ಬಿವಿಐ) ಪ್ಯಾಕೇಜ್ ತೋರಿಸುತ್ತಿದ್ದಾರೆ: ತೆರಿಗೆ ಸೊನ್ನೆ, ವಾರದಲ್ಲಿ ಕಂಪನಿ, ಅಲ್ಲಿಗೆ ಹೋಗುವ ಅಗತ್ಯವೂ ಇಲ್ಲ. ದುಬೈ, ಸಿಂಗಾಪುರ, ಸೆಶೆಲ್ಸ್ ಕೂಡ ಪಟ್ಟಿಯಲ್ಲಿವೆ. ಯಾವುದು ಸರಿ?

ಬಾಣೆ

ದೇಶ ಕೊನೆಗೆ. ಮೊದಲು ಮೂರು ಸೇವೆಗಳನ್ನು ಬಿಡಿಬಿಡಿಯಾಗಿ ನೋಡಿ, ಯಾಕೆಂದರೆ ಮೂರಕ್ಕೂ ಕಾನೂನು ಬೇರೆ ಬೇರೆ.

ಮೂರನೆಯದನ್ನು ಇವತ್ತೇ ಕೈಬಿಡಿ. ಹೊರದೇಶದಿಂದ ಭಾರತಕ್ಕೆ ವೈಯಕ್ತಿಕ ಹಣ ಬರಬೇಕಾದರೆ ಬ್ಯಾಂಕ್ ಮೂಲಕ ಬರಬೇಕು, ಇಲ್ಲವೇ ರಿಸರ್ವ್ ಬ್ಯಾಂಕ್ ಒಪ್ಪಿದ ಎಂಟಿಎಸ್‌ಎಸ್ (ಹಣ ವರ್ಗಾವಣೆ ಕಂಪನಿಗಳ ಮೂಲಕ) ಅಥವಾ ಆರ್‌ಡಿಎ (ಹೊರದೇಶದ ಎಕ್ಸ್‌ಚೇಂಜ್ ಹೌಸ್‌ಗಳ ಮೂಲಕ) ವ್ಯವಸ್ಥೆಯಲ್ಲಿ ಬರಬೇಕು. ಅಲ್ಲಿ ಯುಎಸ್‌ಡಿಟಿ ಕೊಟ್ಟು ಇಲ್ಲಿ ಯಾರದೋ ಖಾತೆಯಿಂದ ರೂಪಾಯಿ ಹಾಕಿಸಿದರೆ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ದೃಷ್ಟಿಯಲ್ಲಿ ಅದು ಹವಾಲಾ. ಕಂಪನಿ ಯಾವ ದ್ವೀಪದಲ್ಲಿದ್ದರೂ ಇದು ಬದಲಾಗುವುದಿಲ್ಲ. ತೊಂದರೆ ಮೊದಲು ತಟ್ಟುವುದು ಊರಿನಲ್ಲಿ ಹಣ ಪಡೆದವರಿಗೆ. ರೂಪಾಯಿ ಹಾಕುವ ಪಿ2ಪಿ (ಕ್ರಿಪ್ಟೊವನ್ನು ಜನರಿಂದ ನೇರ ಕೊಂಡು ಮಾರುವ) ವ್ಯಾಪಾರಿಯ ಖಾತೆಗೆ ಎಲ್ಲೋ ನಡೆದ ಆನ್‌ಲೈನ್ ವಂಚನೆಯ ದುಡ್ಡು ಬಂದಿರುತ್ತದೆ. ಮೋಸ ಹೋದವರು ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ ಆ ದುಡ್ಡು ಹರಿದ ಖಾತೆಗಳಿಗೆ ಒಂದೊಂದಾಗಿ ತಡೆ ಬೀಳುತ್ತದೆ. ಸಿದ್ದಾಪುರದಲ್ಲಿ ಮಗ ಕಳಿಸಿದ ದುಡ್ಡಿಗೆ ಕಾಯುವ ತಾಯಿಯ ಪಿಂಚಣಿ ಖಾತೆ ಬೇರೆ ರಾಜ್ಯದ ಪೊಲೀಸರ ಪತ್ರದ ಮೇಲೆ ಸ್ಥಗಿತಗೊಂಡರೆ ಬಿಡಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಇಂಥ ಸೇವೆಯನ್ನು ನಮ್ಮವರಿಗೆ ಕೊಡಲೇಬಾರದು.

"ಗಲ್ಫ್" ಅನ್ನುವ ಒಂದೇ ಮಾರುಕಟ್ಟೆಯೂ ಇಲ್ಲ. ಕುವೈತ್ 2023ರ ಜುಲೈಯಲ್ಲಿ ಕ್ರಿಪ್ಟೊ ಪಾವತಿ, ಹೂಡಿಕೆ, ಗಣಿಗಾರಿಕೆ ಎಲ್ಲವನ್ನೂ ನಿಷೇಧಿಸಿತು. ಕತಾರ್ 2024ರ ಸೆಪ್ಟೆಂಬರ್‌ನಲ್ಲಿ ಡಿಜಿಟಲ್ ಆಸ್ತಿ ಚೌಕಟ್ಟು ತಂದರೂ ಕ್ರಿಪ್ಟೊ ಕರೆನ್ಸಿಯನ್ನು ಅದರಿಂದ ಹೊರಗಿಟ್ಟಿತು. ಬಹರೇನ್‌ನಲ್ಲಿ ಕೇಂದ್ರ ಬ್ಯಾಂಕಿನ ಕ್ರಿಪ್ಟೊ ನಿಯಮ 2019ರಿಂದ ಇದೆ. ದುಬೈ, ಅಬುಧಾಬಿಗೆ ಪ್ರತ್ಯೇಕ ನಿಯಂತ್ರಕರಿದ್ದಾರೆ. ನಿಮ್ಮ ಗ್ರಾಹಕರು ಯಾವ ದೇಶದಲ್ಲಿ ಕೂತಿರುತ್ತಾರೆ ಅಂತ ದೇಶವಾರು ಬರೆದುಕೊಳ್ಳಿ. ಪರವಾನಗಿ ಬೇಕಾಗುವುದು ಆ ದೇಶಗಳಲ್ಲಿ.

ಕರಿಮೆಣಸು

ಭಾರತದ ಗ್ರಾಹಕರನ್ನು ತಡೆದು, ಹೊರಗಿನವರಿಗೆ ಮಾತ್ರ ಸೇವೆ ಕೊಟ್ಟರೆ ಇಲ್ಲಿನ ಕಾನೂನು ಯಾಕೆ ಬರುತ್ತೆ? ಎಷ್ಟೋ ವಿನಿಮಯ ಕೇಂದ್ರಗಳು ಸೆಶೆಲ್ಸ್‌ನಲ್ಲಿ ಕೂತು ಪ್ರಪಂಚಕ್ಕೆಲ್ಲ ಮಾರುತ್ತಿವೆ.

ತಡಿಯಂಡಮೋಳ್

ಅವರಿಗೆ ಏನಾಯಿತು ನೋಡಿ. 2023ರ ಮಾರ್ಚ್ 7ರ ಅಧಿಸೂಚನೆಯಿಂದ ವರ್ಚುವಲ್ ಡಿಜಿಟಲ್ ಆಸ್ತಿ ಸೇವೆಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಅಡಿ ಬಂದವು. ಅದೇ ವರ್ಷ ಡಿಸೆಂಬರ್ 28ರಂದು ಎಫ್‌ಐಯು (ಕೇಂದ್ರದ ಹಣಕಾಸು ಗುಪ್ತಚರ ಘಟಕ) ಬೈನಾನ್ಸ್, ಕುಕಾಯಿನ್, ಕ್ರಾಕೆನ್ ಸೇರಿ ಒಂಬತ್ತು ಹೊರದೇಶಿ ಕಂಪನಿಗಳಿಗೆ ನೋಟಿಸ್ ಕೊಟ್ಟಿತು. 2024ರ ಜನವರಿಯಲ್ಲಿ ಅವುಗಳ ಜಾಲತಾಣಗಳು ಇಲ್ಲಿ ಬಂದ್ ಆದವು. ಬೈನಾನ್ಸ್‌ಗೆ 2024ರ ಜೂನ್‌ನಲ್ಲಿ 18.82 ಕೋಟಿ ರೂಪಾಯಿ ದಂಡ, ಬೈಬಿಟ್‌ಗೆ 2025ರ ಜನವರಿಯಲ್ಲಿ 9.27 ಕೋಟಿ. ಕಂಪನಿಯ ಕಚೇರಿ ಭಾರತದಲ್ಲಿದೆಯೇ ಅನ್ನುವುದು ಮುಖ್ಯವಲ್ಲ, ಚಟುವಟಿಕೆ ಇಲ್ಲಿದೆಯೇ ಅನ್ನುವುದೇ ಮುಖ್ಯ ಅಂತ ಎಫ್‌ಐಯು ಅವತ್ತೇ ಹೇಳಿದೆ.

ಭಾರತದ ಗ್ರಾಹಕರನ್ನು ನಿಜಕ್ಕೂ ಬಿಡುವುದಾದರೆ ಐಪಿ ತಡೆ ಒಂದೇ ಸಾಲದು. +91 ಸಂಖ್ಯೆ, ಭಾರತದ ಗುರುತಿನ ಚೀಟಿ, ರೂಪಾಯಿ ಪಾವತಿ, ಆಪ್ ಸ್ಟೋರಿನ ದೇಶ, ಕನ್ನಡ ಅಥವಾ ಹಿಂದಿ ಜಾಹೀರಾತು, ಎಲ್ಲವನ್ನೂ ಮುಚ್ಚಿ, ಮುಚ್ಚಿದ್ದಕ್ಕೆ ದಾಖಲೆ ಇಡಿ. ಆದಾಯ ತೆರಿಗೆಯಲ್ಲಿ "ಗಣನೀಯ ಆರ್ಥಿಕ ಉಪಸ್ಥಿತಿ" ಅನ್ನುವ ಮಾನದಂಡವೂ ಇದೆ, ಅದನ್ನು ದಾಟಿದರೆ ಹೊರದೇಶದ ಕಂಪನಿಗೂ ಇಲ್ಲಿ ತೆರಿಗೆ: ಭಾರತದಿಂದ ವರ್ಷಕ್ಕೆ 2 ಕೋಟಿ ರೂಪಾಯಿ ಮೀರಿದ ವಹಿವಾಟು, ಅಥವಾ ಇಲ್ಲಿನ 3 ಲಕ್ಷ ಬಳಕೆದಾರರು.

ಇಷ್ಟು ಮಾಡಿದರೂ ನಿಮ್ಮ ಆರು ಜನ ಕುಶಾಲನಗರದಲ್ಲಿ ಕೂತು ವಿನಿಮಯ ಕೇಂದ್ರದ ಕೀಲಿ (ನಾಣ್ಯ ಸಾಗಿಸಲು ಸಹಿ ಹಾಕುವ ಗುಪ್ತ ಸಂಕೇತ) ಹಿಡಿದಿದ್ದರೆ ಚಟುವಟಿಕೆ ಭಾರತದಲ್ಲೇ ಇದೆ. ಕೋಡ್ ಬರೆಯುವುದಕ್ಕೂ ಗ್ರಾಹಕರ ನಾಣ್ಯಕ್ಕೆ ಸಹಿ ಹಾಕುವುದಕ್ಕೂ ಅಜಗಜಾಂತರ. ಸಹಿಯ ಕೀಲಿ, ವಹಿವಾಟಿನ ಒಪ್ಪಿಗೆ, ಗ್ರಾಹಕರ ಖಾತೆ ತಡೆಯುವ ಅಧಿಕಾರ, ಈ ಮೂರೂ ಪರವಾನಗಿ ಪಡೆದ ದೇಶದಲ್ಲಿರುವ ಉದ್ಯೋಗಿಗಳ ಕೈಯಲ್ಲಿರಬೇಕು.

ಬಾಣೆ

ಈಗ ಫೆಮಾ. ಪ್ಯಾಕೇಜ್ ಮಾರುವವರು ಬಾಯಿ ಬಿಡದ ಭಾಗ ಇದು.

2022ರ ಆಗಸ್ಟ್ 22ರಿಂದ ಹೊಸ ಸಾಗರೋತ್ತರ ಹೂಡಿಕೆ ನಿಯಮಗಳು ಜಾರಿಯಲ್ಲಿವೆ. ನಿವಾಸಿ ವ್ಯಕ್ತಿ ಎಲ್‌ಆರ್‌ಎಸ್ (ವ್ಯಕ್ತಿಗಳು ಹೊರದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕ್ ಯೋಜನೆ) ಮಿತಿಯೊಳಗೆ, ಅಂದರೆ ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ, ಹೊರದೇಶದ ಕಂಪನಿಯ ಷೇರು ಕೊಳ್ಳಬಹುದು. ಎರಡು ಷರತ್ತು. ಆ ಕಂಪನಿ ಹಣಕಾಸು ಸೇವೆಯಲ್ಲಿ ಇರಬಾರದು. ನಿಮ್ಮ ಹಿಡಿತ ಅದರ ಮೇಲಿದ್ದರೆ ಅದಕ್ಕೆ ಅಂಗಸಂಸ್ಥೆ ಇರಬಾರದು.

ಎರಡನೇ ಷರತ್ತು ಎಲ್ಲರಿಗೂ ಗೊತ್ತಿರುವ ರಚನೆಯನ್ನೇ ಮುರಿಯುತ್ತದೆ. ಇಬ್ಬರು ಸೇರಿ ಬಿವಿಐ ಕಂಪನಿ ಮಾಡಿ, ಅದರ ಕೆಳಗೆ ಕುಶಾಲನಗರದ ಪ್ರೈವೇಟ್ ಲಿಮಿಟೆಡ್ ಇಡೋಣ ಅನ್ನುತ್ತಾರಲ್ಲ, ಅದು ಆಗುವುದಿಲ್ಲ. ಬಿವಿಐ ಕೆಳಗೆ ದುಬೈ ಕಂಪನಿ ಇಡುವುದೂ ಆಗುವುದಿಲ್ಲ.

ಮೊದಲ ಷರತ್ತಿನಲ್ಲಿ ವಾದಕ್ಕೆ ಜಾಗ ಇದೆ. ನಿಯಮದ ವಿವರಣೆಯಂತೆ, ಅದೇ ಕೆಲಸ ಭಾರತದಲ್ಲಿ ಮಾಡಿದರೆ ಹಣಕಾಸು ವಲಯದ ನಿಯಂತ್ರಕರ ನೋಂದಣಿ ಬೇಕಾಗುವಂತಿದ್ದರೆ ಮಾತ್ರ ಅದು ಹಣಕಾಸು ಸೇವೆ. ಕ್ರಿಪ್ಟೊ ವಿನಿಮಯಕ್ಕೆ ಇಲ್ಲಿ ರಿಸರ್ವ್ ಬ್ಯಾಂಕ್ ಪರವಾನಗಿಯೂ ಇಲ್ಲ, ಸೆಬಿ ಪರವಾನಗಿಯೂ ಇಲ್ಲ, ಇರುವುದು ಎಫ್‌ಐಯು ನೋಂದಣಿ. ವಾದ ಹೀಗಿದ್ದರೂ ಹಣ ಕಳಿಸುವುದು ನಿಮ್ಮ ಎಡಿ ಬ್ಯಾಂಕ್ (ವಿದೇಶಿ ವಿನಿಮಯಕ್ಕೆ ಅಧಿಕಾರ ಪಡೆದ ಬ್ಯಾಂಕ್). ವಕೀಲರ ಲಿಖಿತ ಅಭಿಪ್ರಾಯ ಇಲ್ಲದೆ ಫಾರ್ಮ್ ಎಫ್‌ಸಿ (ಹೊರದೇಶಿ ಹೂಡಿಕೆಯ ವರದಿ) ಮುಂದೆ ಹೋಗುವುದಿಲ್ಲ ಅಂತಲೇ ಯೋಜಿಸಿ. ಮಡಿಕೇರಿ, ಗೋಣಿಕೊಪ್ಪದ ಶಾಖೆಯಿಂದ ಕಡತ ಬೆಂಗಳೂರಿನ ವಿದೇಶಿ ವಿನಿಮಯ ವಿಭಾಗಕ್ಕೇ ಹೋಗುತ್ತದೆ, ಹಾಗಾಗಿ ನೇರ ಅಲ್ಲಿಯವರ ಜತೆ ಮೊದಲು ಮಾತಾಡಿ.

ಭಾರತೀಯ ಕಂಪನಿಯ ಮೂಲಕ ಹೋಗುವ ದಾರಿಯೂ ಇದೆ, ಮಿತಿ ನಿವ್ವಳ ಮೌಲ್ಯದ 400 ಶೇಕಡ. ಹೋದ ತಿಂಗಳು ಹುಟ್ಟಿದ ಕಂಪನಿಗೆ ಲೆಕ್ಕಪರಿಶೋಧಿತ ನಿವ್ವಳ ಮೌಲ್ಯವೇ ಇರುವುದಿಲ್ಲ. ಹಣಕಾಸು ಸೇವೆ ಅಂತ ಪರಿಗಣಿಸಿದರೆ ಹಿಂದಿನ ಮೂರು ವರ್ಷದ ನಿವ್ವಳ ಲಾಭವನ್ನೂ ಕೇಳುತ್ತಾರೆ.

ಕ್ರಮ ಹೀಗಿರಲಿ: ಮೊದಲು ಫಾರ್ಮ್ ಎಫ್‌ಸಿ ಮತ್ತು ಯುಐಎನ್ (ಆ ಹೂಡಿಕೆಯ ಗುರುತಿನ ಸಂಖ್ಯೆ), ಆಮೇಲೆ ಬ್ಯಾಂಕ್ ಮೂಲಕವೇ ಷೇರು ಹಣ, ಆರು ತಿಂಗಳೊಳಗೆ ಷೇರು ಪ್ರಮಾಣಪತ್ರ ಬ್ಯಾಂಕಿಗೆ, ಪ್ರತಿ ವರ್ಷ ಡಿಸೆಂಬರ್ 31ರೊಳಗೆ ವಾರ್ಷಿಕ ಕಾರ್ಯಸಾಧನೆ ವರದಿ. ಏಜೆಂಟಿಗೆ ಕಾರ್ಡಿನಲ್ಲಿ ದುಡ್ಡು ಕಟ್ಟಿ "ಒಂದು ಡಾಲರಿನ ಷೇರು ತಾನೆ" ಅಂದುಕೊಂಡರೆ ಆ ಒಂದು ಡಾಲರೂ ವರದಿ ಮಾಡದ ಹೊರದೇಶಿ ಹೂಡಿಕೆ. ಷೇರು ಹಣವನ್ನು ಯುಎಸ್‌ಡಿಟಿಯಲ್ಲಿ ಕಟ್ಟುವುದಂತೂ ಬೇಡವೇ ಬೇಡ. ಎಲ್‌ಆರ್‌ಎಸ್‌ನಲ್ಲಿ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ 20 ಶೇಕಡ ಟಿಸಿಎಸ್ (ಮುಂಗಡ ತೆರಿಗೆ) ಹಿಡಿಯುತ್ತಾರೆ. ರಿಟರ್ನ್‌ನಲ್ಲಿ ವಾಪಸ್ ಬರುತ್ತದೆ, ಆದರೆ ಅಲ್ಲಿಯವರೆಗೆ ಕೈಯಲ್ಲಿ ಅಷ್ಟು ನಗದು ಬೇಕು.

ಹಾರಂಗಿ

ಬಿವಿಐನಲ್ಲಿ ತೆರಿಗೆ ಸೊನ್ನೆ ಅನ್ನುವುದಾದರೂ ನಿಜವೇ?

ಬಾಣೆ

ಬಿವಿಐ ಸರ್ಕಾರಕ್ಕೆ ಕಟ್ಟುವುದು ಸೊನ್ನೆ. ಇಲ್ಲಿನ ಲೆಕ್ಕ ಬೇರೆ.

ಕಂಪನಿಯ ಮುಖ್ಯ ತೀರ್ಮಾನಗಳು ವಾಸ್ತವದಲ್ಲಿ ಎಲ್ಲಿ ಆಗುತ್ತವೋ ಅಲ್ಲೇ ಅದು ನಿವಾಸಿ. ಇದನ್ನು ಪೊಯಮ್ ಅನ್ನುತ್ತಾರೆ. ವಹಿವಾಟು ಅಥವಾ ಒಟ್ಟು ಸ್ವೀಕೃತಿ ವರ್ಷಕ್ಕೆ 50 ಕೋಟಿ ರೂಪಾಯಿ ಮೀರದಿದ್ದರೆ ಪೊಯಮ್ ಅನ್ವಯಿಸುವುದಿಲ್ಲ ಅಂತ 2017ರ ಸಿಬಿಡಿಟಿ (ಕೇಂದ್ರ ನೇರ ತೆರಿಗೆ ಮಂಡಳಿ) ಸುತ್ತೋಲೆ ಹೇಳುತ್ತದೆ. ಇದನ್ನು ಕೇಳಿ ಹಲವರು ನಿರಾಳವಾಗುತ್ತಾರೆ. ನಿರಾಳವಾಗಬಾರದು. 50 ಕೋಟಿಗಿಂತ ಕೆಳಗಿದ್ದರೂ "ವ್ಯಾವಹಾರಿಕ ಸಂಬಂಧ" ಇದ್ದರೆ ಅದಕ್ಕೆ ಸೇರುವ ಲಾಭಕ್ಕೆ ಇಲ್ಲಿ ತೆರಿಗೆ ಇದೆ, ವಿದೇಶಿ ಕಂಪನಿಗೆ ದರ 35 ಶೇಕಡ, ಮೇಲೆ ಸರ್‌ಚಾರ್ಜ್ ಮತ್ತು ಸೆಸ್. ಯುಎಇ, ಸಿಂಗಾಪುರ, ಮಾರಿಷಸ್ ಜತೆ ಭಾರತಕ್ಕೆ ದ್ವಿತೆರಿಗೆ ತಡೆ ಒಪ್ಪಂದ ಇದೆ. ಬಿವಿಐ, ಕೇಮನ್, ಸೆಶೆಲ್ಸ್ ಜತೆ ಇರುವುದು ಮಾಹಿತಿ ವಿನಿಮಯದ ಒಪ್ಪಂದ ಮಾತ್ರ. ಅಂದರೆ ಅಲ್ಲಿಂದ ನಿಮ್ಮ ವಿವರ ಇಲ್ಲಿಗೆ ಬರುತ್ತದೆ, ರಕ್ಷಣೆ ಮಾತ್ರ ಬರುವುದಿಲ್ಲ. ಸೊನ್ನೆ ತೆರಿಗೆಯ ದ್ವೀಪಕ್ಕಿಂತ 9 ಶೇಕಡದ ದುಬೈ ಎಷ್ಟೋ ಸಲ ಅಗ್ಗವಾಗುವುದು ಇದರಿಂದಲೇ.

ನಿಮ್ಮ ವೈಯಕ್ತಿಕ ರಿಟರ್ನ್‌ನಲ್ಲಿ ಶೆಡ್ಯೂಲ್ ಎಫ್‌ಎ (ಹೊರದೇಶದ ಆಸ್ತಿ ವಿವರ) ತುಂಬುವುದು ಮರೆಯಬೇಡಿ. ಅದು ಏಪ್ರಿಲ್‌ನಿಂದ ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್. ಹೊರದೇಶದ ಷೇರನ್ನೋ ಖಾತೆಯನ್ನೋ ಬರೆಯದೆ ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ ವರ್ಷಕ್ಕೆ 10 ಲಕ್ಷ ರೂಪಾಯಿ ದಂಡದ ಅವಕಾಶ ಇದೆ. ಕ್ರಿಪ್ಟೊ ಖಾತೆಗಳ ಮಾಹಿತಿಯನ್ನು ದೇಶಗಳು ತಾವಾಗಿ ಹಂಚಿಕೊಳ್ಳುವ ಕಾರ್ಫ್ ವ್ಯವಸ್ಥೆಗೂ ಭಾರತ ಒಪ್ಪಿದೆ, 2027ರಿಂದ ವಿನಿಮಯ ಶುರು.

ತಡಿಯಂಡಮೋಳ್

ಪಟ್ಟಿಯಲ್ಲಿರುವ ದೇಶಗಳ ಬಗ್ಗೆ.

ಬಿವಿಐ: ಸಾಮಾನ್ಯ ಕಂಪನಿ ವಾರದಲ್ಲಿ ಸಿಗುತ್ತದೆ, ಆದರೆ ಅದು ಕ್ರಿಪ್ಟೊ ಪರವಾನಗಿ ಅಲ್ಲ. 2023ರ ಫೆಬ್ರುವರಿ 1ರಿಂದ ಅಲ್ಲಿ ವಾಸ್ಪ್ (ಕ್ರಿಪ್ಟೊ ಸೇವಾ ಕಂಪನಿಗಳ) ಕಾಯ್ದೆ ಇದೆ, ವಿನಿಮಯ ಮತ್ತು ಕಸ್ಟಡಿಗೆ (ಗ್ರಾಹಕರ ನಾಣ್ಯ ಇಟ್ಟುಕೊಳ್ಳುವ ಸೇವೆಗೆ) ಪ್ರತ್ಯೇಕ ನೋಂದಣಿ, ಅನುಸರಣಾ ಅಧಿಕಾರಿ, ಲೆಕ್ಕಪರಿಶೋಧಕ ಎಲ್ಲ ಬೇಕು. ಕೇಮನ್‌ನಲ್ಲೂ ಹಾಗೆಯೇ, 2025ರ ಏಪ್ರಿಲ್ 1ರಿಂದ ಕಸ್ಟಡಿ ಮತ್ತು ವಹಿವಾಟು ವೇದಿಕೆಗೆ ಬರೀ ನೋಂದಣಿ ಸಾಲದು, ಪೂರ್ಣ ಪರವಾನಗಿ ಬೇಕು. ಸೆಶೆಲ್ಸ್‌ನಲ್ಲೂ 2024ರ ಸೆಪ್ಟೆಂಬರ್ 1ರಿಂದ ಪರವಾನಗಿ ಕಾಯ್ದೆ ಇದೆ. "ಪರವಾನಗಿ ಬೇಡದ ದ್ವೀಪ" ಅಂತ ಮಾರುವವರ ಹಾಳೆಗಳಲ್ಲಿ ಬಹುಪಾಲು ಹಳೆಯವು, ಮುದ್ರಣದ ದಿನಾಂಕ ನೋಡಿ.

ಸಿಂಗಾಪುರ: ಹೊರದೇಶದ ಗ್ರಾಹಕರಿಗಷ್ಟೇ ಸೇವೆ ಕೊಡುವ ಕಂಪನಿಯನ್ನು ಅಲ್ಲಿ ಇಡುವ ಕಾಲ ಮುಗಿಯಿತು. 2025ರ ಜೂನ್ 30ರಿಂದ ಅದಕ್ಕೂ ಪರವಾನಗಿ ಬೇಕು, ಅಂಥ ಪರವಾನಗಿ ಸಾಮಾನ್ಯವಾಗಿ ಕೊಡುವುದಿಲ್ಲ ಅಂತ ಅಲ್ಲಿನ ಕೇಂದ್ರ ಬ್ಯಾಂಕ್ ಎಂಎಎಸ್ ಮುಂಚಿತವಾಗಿಯೇ ಹೇಳಿದೆ. ಪಟ್ಟಿಯಿಂದ ತೆಗೆಯಿರಿ.

ಹಾಂಗ್‌ಕಾಂಗ್: 50 ಲಕ್ಷ ಹಾಂಗ್‌ಕಾಂಗ್ ಡಾಲರ್ ಪಾವತಿತ ಬಂಡವಾಳ, ಗ್ರಾಹಕರ ನಾಣ್ಯದ 98 ಶೇಕಡ ಕೋಲ್ಡ್ ವಾಲೆಟ್‌ನಲ್ಲಿ (ಇಂಟರ್ನೆಟ್‌ಗೆ ಜೋಡಿಸದ ವಾಲೆಟ್). ಆರು ಜನರ ತಂಡಕ್ಕೆ ಅಲ್ಲ.

ಯುರೋಪು: ಯುರೋಪಿಯನ್ ಒಕ್ಕೂಟದ ಕ್ರಿಪ್ಟೊ ನಿಯಮ ಮೈಕಾದಲ್ಲಿ ಬಂಡವಾಳ ಕಡಿಮೆಯೇ, ಸೇವೆಗೆ ತಕ್ಕಂತೆ 50 ಸಾವಿರ, 1.25 ಲಕ್ಷ, 1.5 ಲಕ್ಷ ಯೂರೊ. ಒಂದು ದೇಶದ ಪರವಾನಗಿ ಒಕ್ಕೂಟಕ್ಕೆಲ್ಲ ನಡೆಯುತ್ತದೆ. ಆದರೆ ನೋಂದಾಯಿತ ಕಚೇರಿ ಮತ್ತು ನಿಜವಾದ ಆಡಳಿತ ಒಕ್ಕೂಟದೊಳಗೇ ಇರಬೇಕು, ಕನಿಷ್ಠ ಒಬ್ಬ ನಿರ್ದೇಶಕ ಅಲ್ಲಿನ ನಿವಾಸಿ. ಗ್ರಾಹಕರು ಅಲ್ಲಿಲ್ಲದ ನಿಮಗೆ ಇದು ವ್ಯರ್ಥ ಖರ್ಚು.

ಮಾರಿಷಸ್: 2022ರ ಫೆಬ್ರುವರಿಯಿಂದ ವೈಟಾಸ್ ಅನ್ನುವ ಕ್ರಿಪ್ಟೊ ಕಾಯ್ದೆ, ವಿನಿಮಯಕ್ಕೆ ಎಸ್ ವರ್ಗ, ಕಸ್ಟಡಿಗೆ ಆರ್ ವರ್ಗ. ತೆರಿಗೆ ಒಪ್ಪಂದ ಇದೆ. ಗಂಭೀರವಾಗಿ ನೋಡಬಹುದಾದ ಜಾಗ.

ದುಬೈಯಿಂದ ಪೊನ್ನಂಪೇಟೆ

ಗ್ರಾಹಕರು ಯುಎಇಯಲ್ಲಿದ್ದರೆ ದುಬೈ ಒಂದೇ ಪ್ರಾಮಾಣಿಕ ಉತ್ತರ. ಖರ್ಚು ಮಾತ್ರ ಕಣ್ಣಿಟ್ಟು ನೋಡಿ.

ನಿಯಂತ್ರಕ ಸಂಸ್ಥೆ ವಾರಾ, 2022ರ 4ನೇ ಕಾನೂನಿನಿಂದ ಬಂದದ್ದು. ಡಿಐಎಫ್‌ಸಿ (ದುಬೈನ ಅಂತರರಾಷ್ಟ್ರೀಯ ಹಣಕಾಸು ಕೇಂದ್ರ) ಪ್ರದೇಶ ಅದರ ವ್ಯಾಪ್ತಿಗೆ ಬರುವುದಿಲ್ಲ. ವಿನಿಮಯ ಸೇವೆಗೆ ಅರ್ಜಿ ಶುಲ್ಕ 1 ಲಕ್ಷ ದಿರ್ಹಾಂ, ವರ್ಷದ ಮೇಲ್ವಿಚಾರಣಾ ಶುಲ್ಕ 2 ಲಕ್ಷ. ಬಂಡವಾಳ ನೀವು ಕಸ್ಟಡಿಯನ್ನು ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ. ವಾರಾ ಪರವಾನಗಿ ಇರುವ ಬೇರೆ ಕಸ್ಟೋಡಿಯನ್ ಬಳಸಿದರೆ 8 ಲಕ್ಷ ದಿರ್ಹಾಂ ಅಥವಾ ವಾರ್ಷಿಕ ಸ್ಥಿರ ವೆಚ್ಚದ 15 ಶೇಕಡ, ಯಾವುದು ಹೆಚ್ಚೋ ಅದು. ಇಲ್ಲದಿದ್ದರೆ 15 ಲಕ್ಷ ಅಥವಾ 25 ಶೇಕಡ. ಕಸ್ಟಡಿ ಸೇವೆಯನ್ನು ನೀವೇ ಕೊಡುವುದಾದರೆ ಅದಕ್ಕೆ ಬೇರೆಯೇ ಕಂಪನಿ ಬೇಕು, ವಿನಿಮಯದ ಕಂಪನಿಯೊಳಗೆ ಸೇರಿಸಲು ಬಿಡುವುದಿಲ್ಲ. ಅಂದರೆ ನಿಮ್ಮ ಮೊದಲ ಎರಡು ಸೇವೆಗೆ ಎರಡು ಕಂಪನಿ, ಎರಡು ಶುಲ್ಕ. ಈ ಕಾರಣಕ್ಕೆ ವಾಲೆಟ್ ಬಿಟ್ಟುಬಿಡಿ, ಪರವಾನಗಿ ಇರುವವರದ್ದನ್ನು ಜೋಡಿಸಿಕೊಳ್ಳಿ.

ಎರಡು ಹಂತ ಇದೆ. ಮೊದಲು ಪ್ರಾಥಮಿಕ ಪ್ರಶ್ನಾವಳಿ ತುಂಬಿ ಆರಂಭಿಕ ಒಪ್ಪಿಗೆ. ಅದರಿಂದ ಕಂಪನಿ ಮಾಡಬಹುದು, ಕಚೇರಿ ಬಾಡಿಗೆ ಹಿಡಿಯಬಹುದು, ಜನ ತೆಗೆದುಕೊಳ್ಳಬಹುದು, ಒಬ್ಬ ಗ್ರಾಹಕನನ್ನೂ ಸೇರಿಸುವಂತಿಲ್ಲ. ಎರಡನೇ ಹಂತದಲ್ಲಿ ಪೂರ್ಣ ಪರವಾನಗಿ. ಈ ನಡುವಿನ ಅವಧಿಯಲ್ಲೇ ಸಣ್ಣ ತಂಡಗಳು ಸೋಲುತ್ತವೆ: ಬಾಡಿಗೆ, ಅನುಸರಣಾ ಅಧಿಕಾರಿಯ ಸಂಬಳ, ವೀಸಾ ಎಲ್ಲ ಹೋಗುತ್ತಿರುತ್ತದೆ, ಆದಾಯ ಸೊನ್ನೆ. ಒಂದು ವರ್ಷದ ಖರ್ಚು ಪ್ರತ್ಯೇಕ ಇಟ್ಟುಕೊಳ್ಳದೆ ಅರ್ಜಿ ಹಾಕಬೇಡಿ. ಆರಂಭಿಕ ಒಪ್ಪಿಗೆ ಸಿಕ್ಕಿತು ಅಂತ ಫೇಸ್‌ಬುಕ್‌ನಲ್ಲಿ "ಶೀಘ್ರದಲ್ಲೇ" ಜಾಹೀರಾತು ಹಾಕಿದರೂ ಅದು ಪರವಾನಗಿಯಿಲ್ಲದ ಪ್ರಚಾರ.

ಅಂಗಡಿಗಳಲ್ಲಿ ಯುಎಸ್‌ಡಿಟಿ ಪಾವತಿ ಅನ್ನುವ ಯೋಚನೆ ಬಂದರೆ, ಯುಎಇ ಕೇಂದ್ರ ಬ್ಯಾಂಕಿನ 2024ರ ಪಾವತಿ ಟೋಕನ್ ನಿಯಮ ಓದಿ. ಸರಕು, ಸೇವೆಗೆ ದಿರ್ಹಾಂ ಆಧಾರಿತ ಪರವಾನಗಿ ಟೋಕನ್ ಮಾತ್ರ.

ಹಾರಂಗಿ

ಬ್ಯಾಂಕ್ ಖಾತೆ ಪರವಾನಗಿ ಬಂದ ಮೇಲೆ ತೆರೆದರೆ ಸಾಕಲ್ಲವೇ?

ದುಬೈಯಿಂದ ಪೊನ್ನಂಪೇಟೆ

ತಿರುಗಾ ಮುರುಗಾ ಮಾಡಿ. ಬ್ಯಾಂಕ್ ಮೊದಲು. ಖಾತೆ ಎರಡು ಬೇಕು: ಕಂಪನಿಯ ಸ್ವಂತ ಖರ್ಚಿಗೊಂದು, ಗ್ರಾಹಕರ ಹಣಕ್ಕೆ ಬೇರೆ. ಮೊದಲನೆಯದು ಸಿಗುತ್ತದೆ, ಎರಡನೆಯದೇ ಕಷ್ಟ. ಗ್ರಾಹಕರ ಹಣದ ಖಾತೆ ಕೊಡುವ ಬ್ಯಾಂಕಿನಿಂದ ತಾತ್ವಿಕ ಒಪ್ಪಿಗೆಯ ಪತ್ರ ಇಲ್ಲದ ದೇಶದಲ್ಲಿ ಪರವಾನಗಿ ತೆಗೆದುಕೊಂಡರೆ ಚೌಕಟ್ಟು ಹಾಕಿ ಗೋಡೆಗೆ ತೂಗಬಹುದು ಅಷ್ಟೆ.

ಬ್ಯಾಂಕ್ ಕೇಳುವುದು: ಹಣ ಯಾರಿಂದ ಬಂದು ಯಾವ ಖಾತೆ, ಯಾವ ವಾಲೆಟ್ ದಾಟಿ ಯಾರಿಗೆ ಹೋಗುತ್ತದೆ ಅನ್ನುವ ಒಂದು ಪುಟದ ನಕ್ಷೆ. ತಿಂಗಳ ಅಂದಾಜು ವಹಿವಾಟು. ಬ್ಲಾಕ್‌ಚೈನ್ ವಿಶ್ಲೇಷಣೆಗೆ ಯಾವ ಸಾಧನ. ಟ್ರಾವೆಲ್ ರೂಲ್ ಪ್ರಕಾರ ಕಳಿಸುವವರ, ಪಡೆಯುವವರ ವಿವರ ಹೇಗೆ ದಾಟಿಸುತ್ತೀರಿ. ಎಫ್‌ಎಟಿಎಫ್ (ಅಕ್ರಮ ಹಣ ತಡೆಯ ಅಂತರರಾಷ್ಟ್ರೀಯ ಸಂಸ್ಥೆ) ಮಿತಿ 1,000 ಡಾಲರ್, ಯುರೋಪಿನಲ್ಲಿ ಮಿತಿಯೇ ಇಲ್ಲ, ಒಂದು ಯೂರೊಗೂ ವಿವರ ಬೇಕು. ಎದುರಿನ ಕಂಪನಿ ವಿವರ ಕಳಿಸದಿದ್ದರೆ ಬಂದ ನಾಣ್ಯವನ್ನು ಏನು ಮಾಡುತ್ತೀರಿ ಅನ್ನುವ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಂಡೇ ಹೋಗಿ.

ಕರಿಮೆಣಸು

ತೋಟದ ದುಡ್ಡನ್ನು ಹೊರದೇಶದ ನಿಯಂತ್ರಕರು ಒಪ್ಪುತ್ತಾರಾ? ರಿಟರ್ನ್‌ನಲ್ಲಿ ಕೃಷಿ ಆದಾಯ ಅಂತ ಒಂದೇ ಸಾಲು ಇರುತ್ತೆ.

ಬಾಣೆ

ಒಪ್ಪುತ್ತಾರೆ, ಕಾಗದ ಇದ್ದರೆ. ಕೊಡಗಿನ ಅರ್ಜಿಗಳು ತಡವಾಗುವುದು ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸಂಸ್ಕರಿಸದ ಕಾಫಿ ಮಾರಿದರೆ ಪೂರ್ತಿ ಕೃಷಿ ಆದಾಯ. ಬೆಳೆಗಾರರೇ ಕ್ಯೂರಿಂಗ್ (ಸಿಪ್ಪೆ ತೆಗೆದು ಸಂಸ್ಕರಣೆ) ಮಾಡಿಸಿ ಮಾರಿದರೆ ಆದಾಯ ತೆರಿಗೆ ನಿಯಮದ ಪ್ರಕಾರ 25 ಶೇಕಡ, ಹುರಿದು ಪುಡಿ ಮಾಡಿ ಮಾರಿದರೆ 40 ಶೇಕಡ ವ್ಯಾಪಾರ ಆದಾಯ. ಹೀಗಾಗಿ ಕೋಟಿಗಟ್ಟಲೆ ಬೆಳೆ ತೆಗೆದವರ ರಿಟರ್ನ್‌ನಲ್ಲೂ ತೆರಿಗೆಯ ಆದಾಯ ಪುಟ್ಟದು. ದುಬೈಯಲ್ಲಿ ಕೂತ ಅಧಿಕಾರಿಗೆ ಇದು ಅರ್ಥವಾಗುವುದಿಲ್ಲ. ಲೆಕ್ಕಪರಿಶೋಧಕರಿಂದ ಎರಡು ಪುಟದ ಪ್ರಮಾಣಪತ್ರ ಮಾಡಿಸಿ: ಎಕರೆ, ಇಳುವರಿ, ಚೀಲ, ದರ, ಖರ್ಚು, ಉಳಿಕೆ, ಅದು ಯಾವ ಖಾತೆಗೆ ಬಿತ್ತು. ಜತೆಗೆ ಕ್ಯೂರಿಂಗ್ ವರ್ಕ್ಸಿನ ಔಟ್‌ಟರ್ನ್ ಪತ್ರ (ಸಂಸ್ಕರಿಸಿದ ಮೇಲೆ ಎಷ್ಟು ಕಾಫಿ ಬಂತು ಅನ್ನುವ ಲೆಕ್ಕ), ವ್ಯಾಪಾರಿಯ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್. ತೂಕದ ಚೀಟಿ ಮೇಲೆ ನಗದು ಪಡೆದ ಭಾಗವನ್ನು ಬಂಡವಾಳಕ್ಕೆ ತೋರಿಸಲು ಹೋಗಬೇಡಿ, ಇಡೀ ಕಡತದ ಮೇಲೆ ಸಂಶಯ ಬರುತ್ತದೆ.

ಪಹಣಿ ಇನ್ನೊಂದು. ಜಮ್ಮಾ ಜಾಗವಾದರೆ (ಕೊಡಗಿನ ವಂಶಪಾರಂಪರ್ಯದ ಭೂಮಿ) ಪಟ್ಟೇದಾರರ ಹೆಸರು ಮೊದಲು, ಒಕ್ಕದ (ಮನೆತನದ) ಹಲವರ ಹೆಸರು ಜತೆಗೆ. ಅರ್ಜಿದಾರರ ಪಾಲು ಎಷ್ಟು ಅಂತ ಪಹಣಿಯಿಂದ ತಿಳಿಯದಿದ್ದರೆ ಕುಟುಂಬದ ಪಾಲುಪತ್ರ, ಇತರ ಪಾಲುದಾರರ ಒಪ್ಪಿಗೆಯ ಅಫಿಡವಿಟ್ ಬೇಕು. ಹೆಸರಿನದೂ ತೊಡಕು. ಪಹಣಿಯಲ್ಲಿ ಮನೆಹೆಸರು ಪೂರ್ತಿ ಮುಂದೆ, ಪಾನ್‌ನಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂಕಣದಲ್ಲಿ. ಮೂರೂ ಒಬ್ಬರೇ ಅಂತ ನೋಟರಿ ಅಫಿಡವಿಟ್ ಮೊದಲೇ ಮಾಡಿಸಿ. ಎಲ್ಲವನ್ನೂ ಅಧಿಕೃತ ಅನುವಾದಕರಿಂದ ಇಂಗ್ಲಿಷ್‌ಗೆ ಮಾಡಿಸಬೇಕು.

ಹಾರಂಗಿ

ಇಷ್ಟೆಲ್ಲ ನೋಡಿದರೆ ನಮ್ಮ ಅಳತೆಗೆ ಮೀರಿದ್ದು ಅನ್ನಿಸುತ್ತಿದೆ. ಚಿಕ್ಕದಾಗಿ ಶುರು ಮಾಡುವ ದಾರಿ ಇದೆಯೇ?

ತಡಿಯಂಡಮೋಳ್

ಇದೆ, ನನ್ನ ಮಟ್ಟಿಗೆ ನಿಮಗೆ ಅದೇ ಸರಿ. ಗ್ರಾಹಕರ ನಾಣ್ಯ ಮುಟ್ಟಬೇಡಿ. ಕುಶಾಲನಗರದ ಕಂಪನಿಯಾಗಿಯೇ ಇದ್ದು, ಈಗಾಗಲೇ ಪರವಾನಗಿ ಪಡೆದ ವಿನಿಮಯ ಕೇಂದ್ರಗಳಿಗೆ ಸಾಫ್ಟ್‌ವೇರ್ ಮಾರಿ: ಹೊಂದಾಣಿಕೆ ಎಂಜಿನ್ (ಕೊಳ್ಳುವವರನ್ನೂ ಮಾರುವವರನ್ನೂ ಜೋಡಿಸುವ ಭಾಗ), ಟ್ರಾವೆಲ್ ರೂಲ್ ಜೋಡಣೆ, ಮೀಸಲು ಲೆಕ್ಕ ಹೊಂದಿಸುವ ಸಾಧನ. ಇದು ಸಾಫ್ಟ್‌ವೇರ್ ರಫ್ತು, ಡಾಲರ್ ಬ್ಯಾಂಕಿಗೇ ಬರುತ್ತದೆ. ಒಪ್ಪಂದದಲ್ಲಿ ಮೂರು ಮಾತು ಖಚಿತವಾಗಿರಲಿ: ಉತ್ಪಾದನಾ ಸರ್ವರಿನ ಖಾಸಗಿ ಕೀಲಿಗೆ ನಿಮಗೆ ಪ್ರವೇಶ ಇಲ್ಲ, ಗ್ರಾಹಕರ ಜತೆ ನಿಮಗೆ ನೇರ ಒಪ್ಪಂದ ಇಲ್ಲ, ಶುಲ್ಕ ಕರೆನ್ಸಿಯಲ್ಲಿ, ಟೋಕನ್‌ನಲ್ಲಿ ಅಲ್ಲ. ಟೋಕನ್ ಪಡೆದರೆ ಅದನ್ನು ಮಾರುವಾಗ 30 ಶೇಕಡ ತೆರಿಗೆ, ನಷ್ಟವಾದರೆ ಯಾವುದಕ್ಕೂ ಹೊಂದಿಸುವಂತಿಲ್ಲ.

ನಾಣ್ಯ ಇಟ್ಟುಕೊಳ್ಳುವ ಜವಾಬ್ದಾರಿಯ ಭಾರ ಎಷ್ಟು ಅನ್ನುವುದಕ್ಕೆ ಭಾರತದ ಕ್ರಿಪ್ಟೊ ವಿನಿಮಯ ಕೇಂದ್ರ ವಜೀರ್‌ಎಕ್ಸ್ ಪ್ರಕರಣ ಓದಿ. 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯ ಕಳವಾಯಿತು. ಮಾತೃ ಕಂಪನಿ ಸಿಂಗಾಪುರದ್ದಾದ್ದರಿಂದ ಭಾರತದ ಗ್ರಾಹಕರ ಹಣದ ತೀರ್ಮಾನ ಸಿಂಗಾಪುರ ಹೈಕೋರ್ಟಿನಲ್ಲಿ ನಡೆಯಿತು. ಪುನರ್ರಚನಾ ಯೋಜನೆಯನ್ನು 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಲಿಲ್ಲ. ಮತ್ತೆ ಮತದಾನ ನಡೆದು ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿಯವರೆಗೆ ಸಾಮಾನ್ಯ ಜನ ಒಂದು ವರ್ಷಕ್ಕೂ ಮೀರಿ ಕಾದರು. ದೇಶ ಆರಿಸುವಾಗ ಕಂಪನಿ ಬಿದ್ದರೆ ಗ್ರಾಹಕರು ಯಾವ ಕೋರ್ಟಿನ ಬಾಗಿಲು ತಟ್ಟಬೇಕು ಅನ್ನುವುದನ್ನೂ ನೀವೇ ಆರಿಸುತ್ತಿದ್ದೀರಿ.

ಹಾರಂಗಿ

ಸಾಫ್ಟ್‌ವೇರ್ ದಾರಿ ಹಿಡಿಯುತ್ತೇವೆ. ಮುಂದೆ ದುಬೈಗೆ ಹೋಗುವುದಾದರೆ ಈಗಲೇ ಸಿದ್ಧ ಮಾಡಿಡಬೇಕಾದದ್ದು ಏನು?

ದುಬೈಯಿಂದ ಪೊನ್ನಂಪೇಟೆ

ಪದವಿ ಪ್ರಮಾಣಪತ್ರಗಳ ದೃಢೀಕರಣ ಮಾಡಿಸಿಡಿ. ಯುಎಇ ಅಪೊಸ್ಟಿಲ್ (ಸದಸ್ಯ ದೇಶಗಳೆಲ್ಲ ಒಪ್ಪುವ ಒಂದೇ ಮುದ್ರೆ) ಒಪ್ಪಂದದಲ್ಲಿ ಇಲ್ಲ, ಹಾಗಾಗಿ ರಾಜ್ಯ ಸರ್ಕಾರ, ಆಮೇಲೆ ವಿದೇಶಾಂಗ ಇಲಾಖೆ, ಆಮೇಲೆ ಯುಎಇ ರಾಯಭಾರ ಕಚೇರಿ, ಈ ಕ್ರಮದಲ್ಲೇ ಮುದ್ರೆ ಬೀಳಬೇಕು. ಮಾರಿಷಸ್ ಆದರೆ ಅಪೊಸ್ಟಿಲ್ ಒಂದೇ ಸಾಕು. ಪೊಲೀಸ್ ಕ್ಲಿಯರೆನ್ಸ್ ಮಾತ್ರ ಈಗ ತೆಗೆಸಬೇಡಿ, ಅರ್ಜಿಯ ಹೊತ್ತಿಗೆ ಹಳತಾಗಿ ಮತ್ತೆ ಮಾಡಿಸಬೇಕಾಗುತ್ತದೆ.